ಕಸದ ಘಟಕಕ್ಕೆ ಆರನೆಯ ವರ್ಷವೂ ಬರುತ್ತದೆ

ಉಡುಪಿ ಜಿಲ್ಲೆಯ ಒಂದು ಗ್ರಾಮ ಪಂಚಾಯತ್‌ನ ಒಣ ಕಸದ ಘಟಕದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಸದಸ್ಯರಲ್ಲಿ ಬಿಕಾಂ ಓದಿದವಳು ಎಂಬ ಕಾರಣಕ್ಕೆ ಇದು ನನ್ನ ಪಾಲಿಗೆ ಬಂತು. ಯಾವ ಮನೆಯವರು ಶುಲ್ಕ ಕೊಟ್ಟರು, ಗಾಡಿಗೆ ಎಷ್ಟು ಡೀಸೆಲ್ ಹಾಕಿಸಿದೆವು, ಗುಜರಿಯವರು ರಟ್ಟಿಗೆ ಏನು ದರ ಹಿಡಿದರು, ಯಾರ ಸಂಬಳ ಎಷ್ಟು ಬಾಕಿ ಉಳಿಯಿತು ಎಲ್ಲವೂ ಬರವಣಿಗೆಯಲ್ಲಿದೆ. ಕಸದ ಬಗ್ಗೆ ನಡೆಯುವ ಸಭೆಗಳಿಗೆ ಹೋದಾಗ ಅಲ್ಲಿ ಯಂತ್ರಗಳ ಮಾತು ಬರುತ್ತದೆ, ಜಾಗೃತಿಯ ಮಾತು ಬರುತ್ತದೆ, ರಸ್ತೆ ಬದಿ ಎಸೆಯುವವರಿಗೆ ದಂಡ ಹಾಕುವ ಮಾತು ಬರುತ್ತದೆ. ಘಟಕ ಶುರುವಾಗಿ ಆರನೆಯ ವರ್ಷಕ್ಕೆ ಗಾಡಿಯ ಎಂಜಿನ್ ಕೈಕೊಟ್ಟಾಗ ದುಡ್ಡು ಎಲ್ಲಿಂದ ಬರಬೇಕು ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಲೆಕ್ಕ ಬರೆಯುವವಳಾಗಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಅದೇ ಪ್ರಶ್ನೆ.

ಹಣ ಹೇಗೆ ಬರುತ್ತದೆ ನೋಡಿ. ಸ್ವಚ್ಛ ಭಾರತ್ ಗ್ರಾಮೀಣ ಮಿಷನ್ನಿನ ಎರಡನೇ ಹಂತದಲ್ಲಿ ಘನ ತ್ಯಾಜ್ಯಕ್ಕೆಂದು 5,000ದವರೆಗೆ ಜನಸಂಖ್ಯೆಯಿರುವ ಊರಿಗೆ ತಲೆಗೆ 60 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ ತಲೆಗೆ 45 ರೂಪಾಯಿ ಎಂದು ನಿಗದಿಯಾಗಿತ್ತು. ನಾಲ್ಕು ಸಾವಿರ ಜನರ ಊರಿಗೆ ಅದು 2 ಲಕ್ಷದ 40 ಸಾವಿರ ರೂಪಾಯಿ. ಅದರ ಮೇಲೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 30ರಷ್ಟನ್ನು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿ ಕೊಟ್ಟರು. ಉದ್ಯೋಗ ಖಾತರಿಯ ಹಣವೂ ಸೇರಿ ಕಟ್ಟಡ ಎದ್ದಿತು, ಗಾಡಿ ಬಂತು, ಗಾಡಿಯ ಮೇಲೆ ‘ಸ್ವಚ್ಛ ವಾಹಿನಿ’ ಎಂದು ಬರೆಸಿದ್ದಾಯಿತು, ಉದ್ಘಾಟನೆಗೆ ಶಾಸಕರು ಬಂದರು. ರಾಜ್ಯದ ಉದ್ದಗಲಕ್ಕೂ ಹೀಗೆ ಸ್ವಚ್ಛ ಸಂಕೀರ್ಣಗಳು ಎದ್ದಿವೆ. ಇದು ಸಣ್ಣ ಕೆಲಸವಲ್ಲ. ಹತ್ತು ವರ್ಷದ ಹಿಂದೆ ಹಳ್ಳಿಯಲ್ಲಿ ಕಸದ ಗಾಡಿ ಓಡುತ್ತದೆ, ಅದನ್ನು ಊರಿನ ಹೆಣ್ಣುಮಗಳೇ ಓಡಿಸುತ್ತಾಳೆ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ಸರ್ಕಾರವೇ ಸ್ವಸಹಾಯ ಸಂಘದ ಮಹಿಳೆಯರಿಗೆ ಚಾಲನೆ ಕಲಿಸಿತು, ಲೈಸೆನ್ಸ್ ಕೊಡಿಸಿತು. ಆ ಗಾಡಿಯ ಹಾಡು ಕೇಳಿ ಅಂಗಳಕ್ಕೆ ಚೀಲ ತಂದಿಡುವ ರೂಢಿ ನಮ್ಮೂರಿಗೆ ಈಗ ಬಂದಿದೆ.

ಆದರೆ ಈ ಹಣವೆಲ್ಲ ಕಟ್ಟುವುದಕ್ಕೆ ಮತ್ತು ಕೊಳ್ಳುವುದಕ್ಕೆ ಬಂದದ್ದು. ನಡೆಸುವುದಕ್ಕೆ ಬಂದದ್ದು ಬಹಳ ಕಡಿಮೆ. ಗಾಡಿಯ ವಿಮೆ, ಎಫ್‌ಸಿ, ಟಯರು, ಕ್ಲಚ್ಚು, ಚೀಲ, ಕೈಗವಸು, ಗಂಬೂಟು, ಕರೆಂಟು ಬಿಲ್ಲು ಇವಕ್ಕೆ ಪ್ರತಿ ಸಲವೂ ಪಂಚಾಯತ್‌ನ ಸ್ವಂತ ನಿಧಿಯ ಬಾಗಿಲು ಬಡಿಯಬೇಕು. ಆ ನಿಧಿಯಿಂದಲೇ ಬೀದಿದೀಪ, ಕುಡಿಯುವ ನೀರಿನ ಪಂಪು, ಸಿಬ್ಬಂದಿ ಸಂಬಳ ಎಲ್ಲವೂ ಆಗಬೇಕು. ಗಾಡಿ ಕೆಲವು ವಾರ ಗ್ಯಾರೇಜಿನಲ್ಲಿ ನಿಂತರೆ ಏನಾಗುತ್ತದೆಂದು ನನಗೆ ಗೊತ್ತು. ಮನೆಯವರು ಮೊದಲ ವಾರ ಕಾಯುತ್ತಾರೆ. ಎರಡನೆಯ ವಾರ ಬಚ್ಚಲ ಒಲೆಗೆ ತೊಟ್ಟೆ ಹಾಕಲು ಶುರುಮಾಡುತ್ತಾರೆ. ಮೂರನೆಯ ವಾರ ಹಾಡಿಯ ಬದಿಯಲ್ಲಿ, ತೋಡಿನ ಸಂಕದ ಕೆಳಗೆ ಮತ್ತೆ ಚೀಲಗಳು ಕಾಣಿಸುತ್ತವೆ. ವರ್ಷಗಟ್ಟಲೆ ಮನೆಮನೆಗೆ ಹೋಗಿ ಹೇಳಿ ಕಟ್ಟಿದ ಅಭ್ಯಾಸ ಮೂರು ವಾರದಲ್ಲಿ ಕಳಚಿಹೋಗುತ್ತದೆ. ಅದನ್ನು ಮತ್ತೆ ಕಟ್ಟುವುದಕ್ಕೆ ಗಾಡಿ ರಿಪೇರಿಯ ಖರ್ಚಿನ ಹತ್ತು ಪಟ್ಟು ಶ್ರಮ ಬೇಕು.

ಒಂದು ಸರಳ ಲೆಕ್ಕ ಹಾಕೋಣ. ಒಂದು ಪಂಚಾಯತ್‌ನಲ್ಲಿ 1,500 ಮನೆಗಳಿವೆ ಎಂದುಕೊಳ್ಳಿ. ಮನೆಗೆ ತಿಂಗಳಿಗೆ 50 ರೂಪಾಯಿ ಶುಲ್ಕ. ಎಲ್ಲರೂ ಕೊಟ್ಟರೆ 75,000 ರೂಪಾಯಿ. ಗಾಡಿ ಓಡಿಸುವವರು, ಜೊತೆಗೆ ಹೋಗುವವರು, ಘಟಕದಲ್ಲಿ ಬೇರ್ಪಡಿಸುವವರು ಸೇರಿ ಐವರು. ಒಬ್ಬರಿಗೆ 12,000 ಹಿಡಿದರೂ, ಅದೇನೂ ಹೆಚ್ಚಿನ ಸಂಬಳವಲ್ಲ, 60,000 ಆಯಿತು. ಉಳಿದ 15,000ದಲ್ಲಿ ಡೀಸೆಲ್, ರಿಪೇರಿ, ಸಾಮಾನು ಆಗಬೇಕು. ಗಾಡಿಯ ಬೆಲೆ 6 ಲಕ್ಷ, ಬಾಳಿಕೆ ಹತ್ತು ವರ್ಷ ಎಂದು ಹಿಡಿದರೆ ಹೊಸ ಗಾಡಿಗೆಂದು ತಿಂಗಳಿಗೆ 5,000 ಈಗಿನಿಂದಲೇ ಬದಿಗಿಡಬೇಕು. ಇದೆಲ್ಲ ಎಲ್ಲ ಮನೆಯವರೂ ಕೊಟ್ಟಾಗಿನ ಮಾತು. ನೂರರಲ್ಲಿ ಅರವತ್ತು ಮನೆ ಮಾತ್ರ ಕೊಟ್ಟರೆ ಕೈಗೆ ಬರುವುದು 45,000. ಸಂಬಳಕ್ಕೇ 15,000 ಕಡಿಮೆ. ಆಗ ಯಾವ ಘಟಕವಾದರೂ ಮೊದಲು ಮುಂದೂಡುವುದು ಹೆಂಗಸರ ಸಂಬಳವನ್ನೇ. ಡೀಸೆಲ್ ಬಂಕಿನವರು ಕಾಯುವುದಿಲ್ಲ, ಹೆಂಗಸರು ಕಾಯುತ್ತಾರೆ. ನಾನು ಬಾಕಿ ಎಂದು ಬರೆದ ಸಾಲುಗಳ ಎದುರು ಇರುವುದು ಹೆಚ್ಚಾಗಿ ಅವರದೇ ಹೆಸರು.

ಕೇರಳದ ಮಂಜೇಶ್ವರದಲ್ಲಿ ನನ್ನ ಅಕ್ಕನ ಮನೆಯಿದೆ. ಅಲ್ಲಿಗೆ ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಬರುತ್ತಾರೆ, ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ಒಯ್ಯುತ್ತಾರೆ, 50 ರೂಪಾಯಿ ತೆಗೆದುಕೊಂಡು ರಸೀದಿ ಕೊಡುತ್ತಾರೆ. ಶುಲ್ಕ ಕೊಡದೆ ಬಾಕಿ ಉಳಿಸಿದರೆ ತೆರಿಗೆ ಬಾಕಿಯಂತೆಯೇ ವಸೂಲು ಮಾಡುವ ಅವಕಾಶ ಅಲ್ಲಿನ ಕಾನೂನಿನಲ್ಲಿದೆ. ಕೇರಳದವರಿಗೆ ಈ ಬುದ್ಧಿ ಸುಮ್ಮನೆ ಬಂದದ್ದಲ್ಲ. ತಿರುವನಂತಪುರದ ಕಸ ಹೊತ್ತ ವಿಳಪ್ಪಿಲ್‌ಶಾಲೆಯ ಘಟಕಕ್ಕೆ 2011ರಲ್ಲಿ ಅಲ್ಲಿನ ಪಂಚಾಯತ್ ಬೀಗ ಹಾಕಿತು. 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂನ ಕಸದ ರಾಶಿಗೆ ಬೆಂಕಿ ಹಿಡಿದು ಹತ್ತು ದಿನಕ್ಕೂ ಹೆಚ್ಚು ಕಾಲ ನಗರ ಹೊಗೆಯಲ್ಲಿ ಉಸಿರಾಡಿತು. ಆ ಮೇಲೆ ಅವರು ಶುಲ್ಕವನ್ನೂ ಮನೆಬಾಗಿಲ ಸಂಗ್ರಹವನ್ನೂ ಬಿಗಿ ಮಾಡಿದರು. ನಮ್ಮಲ್ಲಿ ಶುಲ್ಕ ಕೊಡದವರ ಮನೆಯಿಂದ ಕಸ ಒಯ್ಯಬೇಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಒಯ್ಯದ ಕಸ ತೋಡಿಗೇ ಹೋಗುತ್ತದೆ. ಮನೆ ತೆರಿಗೆಯ ಜೊತೆಗೇ ಕಸದ ಶುಲ್ಕವೂ ವಸೂಲಾಗಬೇಕು, ಅದು ಬೇರೆ ಖಾತೆಯಲ್ಲಿ ಉಳಿಯಬೇಕು, ಆ ಖಾತೆಯಿಂದ ಮೊದಲು ಸಂಬಳ ಹೋಗಬೇಕು. ಬಡ ಮನೆಗಳಿಗೆ ವಿನಾಯಿತಿ ಕೊಡುವುದಾದರೆ ಆ ಹಣವನ್ನು ಪಂಚಾಯತ್ ತುಂಬಿಕೊಡಬೇಕು.

ಕರಾವಳಿಯಲ್ಲಿ ಕಸದ ಯೋಜನೆ ಮಾಡುವವರು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ ಎಂಬುದು ನನ್ನ ಎರಡನೆಯ ದೂರು. ಜೂನ್ ಮೊದಲ ವಾರದಿಂದ ಸೋಣ ತಿಂಗಳು ಮುಗಿಯುವವರೆಗೆ ಇಲ್ಲಿ ಬಿಸಿಲಿನ ಮೇಲೆ ಭರವಸೆಯಿಡುವಂತಿಲ್ಲ. ಒದ್ದೆಯಾದ ರಟ್ಟನ್ನು ಗುಜರಿಯವರು ಮುಟ್ಟುವುದಿಲ್ಲ, ಮುಟ್ಟಿದರೂ ತೂಕ ಕಳೆಯುತ್ತಾರೆ, ದರ ಇಳಿಸುತ್ತಾರೆ. ಹಳೆ ಪೇಪರು ಒಮ್ಮೆ ನೆನೆದರೆ ಮುದ್ದೆಯಾಗಿ ಬೂಸ್ಟು ಹಿಡಿಯುತ್ತದೆ. ಹಾಲಿನ ತೊಟ್ಟೆ ತೊಳೆಯದೆ ಬಂದರೆ ಆಟಿಯಲ್ಲಿ ಎರಡೇ ದಿನಕ್ಕೆ ಹುಳ. ಬೇಸಗೆಯಲ್ಲಿ ನಮಗೆ ಚೆನ್ನಾಗಿ ದುಡ್ಡು ತರುವ ಮಾಲೇ ಮಳೆಗಾಲದಲ್ಲಿ ನಾವು ದುಡ್ಡು ಕೊಟ್ಟು ಸಾಗಿಸಬೇಕಾದ ಹೊರೆಯಾಗುತ್ತದೆ. ಆದರೂ ಮಾದರಿ ನಕ್ಷೆಯಂತೆ ಮೂರು ಬದಿ ತೆರೆದ ಶೆಡ್ಡುಗಳು ಎದ್ದಿವೆ. ಬಯಲುಸೀಮೆಗೆ ಅದು ಸರಿಯಿರಬಹುದು. ಇಲ್ಲಿ ಅಡ್ಡಗಾಳಿಗೆ ಇರಚಲು ಶೆಡ್ಡಿನ ನಡುವಿನ ತನಕ ಬರುತ್ತದೆ. ಕರಾವಳಿ ಮಲೆನಾಡಿನ ಘಟಕಗಳಿಗೆ ನಾಲ್ಕು ತಿಂಗಳ ಮಾಲು ಒಣಗಿರುವಂತೆ ಕೂಡಿಡುವ ಮುಚ್ಚಿದ ಗೋದಾಮು ಬೇಕು, ಮಣೆಯ ಮೇಲೆ ಎತ್ತರಿಸಿಟ್ಟು ಪೇರಿಸುವ ಜಾಗ ಬೇಕು. ಗುಜರಿ ದರ ಬಿದ್ದಾಗ ಮಾರದೆ ಕಾಯುವ ಶಕ್ತಿಯೂ ಆ ಗೋದಾಮಿನಿಂದಲೇ ಬರುತ್ತದೆ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಒಣಗಿಸಿ ಕೂಡಿಟ್ಟು ದರ ನೋಡಿ ಕೊಡುವುದು ಇಲ್ಲಿನ ಪ್ರತಿ ತೋಟದ ಮನೆಯ ವ್ಯವಹಾರ.

ಹಸಿ ಕಸದ ವಿಚಾರದಲ್ಲಿ ಮಾತ್ರ ನಮ್ಮ ಹಳ್ಳಿಗಳು ಅದೃಷ್ಟವಂತ ಹಳ್ಳಿಗಳು. ದೇಶದ ಕಸದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹಸಿಯದು. ಬಾಳೆ ಬುಡ, ತೆಂಗಿನ ಬುಡ, ಹಟ್ಟಿಯ ಗೊಬ್ಬರದ ಗುಂಡಿ ಇರುವ ಮನೆಯಿಂದ ಅದು ಹೊರಗೆ ಬರಲೇಬೇಕಿಲ್ಲ. ಇಂಥ ಮನೆಗಳಿಂದ ಹಸಿ ಕಸ ಒಯ್ಯುವ ಗಾಡಿಯ ಪ್ರಸ್ತಾಪ ಬಂದರೆ ವಿರೋಧಿಸಿ, ಅದು ಡೀಸೆಲ್ ಸುಡುವ ಕೆಲಸ. ಕಷ್ಟವಿರುವುದು ಬೇರೆಡೆ. ಹೆದ್ದಾರಿಯ ಬದಿಯಲ್ಲಿ, ಕಾಲೇಜಿನ ಸುತ್ತ ಎದ್ದ ಬಾಡಿಗೆ ಫ್ಲ್ಯಾಟುಗಳಿಗೆ ಮಣ್ಣೇ ಇಲ್ಲ. ಕಲ್ಯಾಣ ಮಂಟಪಗಳಲ್ಲಿ ಒಂದು ಮದುವೆಗೆ ಸಾವಿರ ಎಲೆ, ಎರಡು ಸಾವಿರ ಕಾಗದದ ಲೋಟ, ಲೆಕ್ಕವಿಲ್ಲದಷ್ಟು ನೀರಿನ ಬಾಟಲಿ. ಅನ್ನ ಸಾಂಬಾರಿನಲ್ಲಿ ಅದ್ದಿದ ಬಾಟಲಿಯನ್ನು ತೊಳೆಯುವವರು ಯಾರು? ನಮ್ಮ ತಾಲ್ಲೂಕಿನ ಒಂದು ಮಂಟಪದವರು ಎಲ್ಲವನ್ನೂ ಒಂದೇ ಟ್ರ್ಯಾಕ್ಟರಿಗೆ ತುಂಬಿ ಕಳಿಸುತ್ತಿದ್ದರು. ಕೋಳಿ ಅಂಗಡಿಯ ತ್ಯಾಜ್ಯದ್ದು ಇನ್ನೂ ದೊಡ್ಡ ಕತೆ. ರಾತ್ರಿ ಹೊತ್ತು ಸೇತುವೆಯ ಮೇಲಿಂದ ಹೊಳೆಗೆ ಬೀಳುವ ಚೀಲಗಳಲ್ಲಿ ಅದರದೇ ಸಿಂಹಪಾಲು. ಅಡಿಕೆ ಸಿಪ್ಪೆ, ತೆಂಗಿನ ನಾರು, ತರಗೆಲೆ ಇವುಗಳ ರಾಶಿಯೇ ಇರುವ ನಾಡಿನಲ್ಲಿ ಗೊಬ್ಬರ ಮಾಡುವುದು ಕಷ್ಟವಲ್ಲ. ಸಾರಜನಕದ ಹಸಿಗೆ ಇಂಗಾಲದ ಒಣಗು ಬೇಕು, ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲದ ಪ್ರಮಾಣ ಬಂದರೆ ರಾಶಿ ತಾನಾಗಿ ಬಿಸಿಯೇರುತ್ತದೆ, ವಾಸನೆ ಬರುವುದಿಲ್ಲ. ಪರವಾನಗಿ ನವೀಕರಣಕ್ಕೆ ಬಂದಾಗ ಮಂಟಪ, ಹೋಟೆಲು, ಕೋಳಿ ಅಂಗಡಿಗಳು ತಮ್ಮ ಹಸಿ ಕಸದ ದಾರಿ ತೋರಿಸಲಿ. ತೋರಿಸದಿದ್ದರೆ ಪರವಾನಗಿ ಬೇಡ. ಈ ಅಧಿಕಾರ ಪಂಚಾಯತ್‌ಗೆ ಈಗಲೇ ಇದೆ.

ಇನ್ನು ಹೇಳಲು ಕಷ್ಟವಾಗುವ, ಆದರೆ ಹೇಳಲೇಬೇಕಾದ ವಿಷಯ. ಬೇರ್ಪಡಿಸುವ ಮೇಜಿನ ಮೇಲೆ ಚೀಲ ಸುರಿದಾಗ ಅದರೊಳಗಿಂದ ಮಗುವಿನ ಡೈಪರ್, ಹಿರಿಯರ ಡೈಪರ್, ಬಳಸಿದ ಪ್ಯಾಡ್ ಬರುತ್ತವೆ. ಒಮ್ಮೊಮ್ಮೆ ಇನ್ಸುಲಿನ್ ಸೂಜಿ ಬರುತ್ತದೆ. ಒಡೆದ ಟ್ಯೂಬ್‌ಲೈಟ್ ಬರುತ್ತದೆ. ಕೈಗವಸು ಹಾಕಿದ್ದರೂ ಸೂಜಿ ಚುಚ್ಚುತ್ತದೆ. ಊರಿನ ಮಕ್ಕಳು ಬೆಂಗಳೂರು, ಮುಂಬೈ, ದುಬೈಯಲ್ಲಿದ್ದು ಮನೆಯಲ್ಲಿ ವಯಸ್ಸಾದ ತಂದೆತಾಯಿ ಮಾತ್ರ ಉಳಿದಿರುವ ಜಿಲ್ಲೆಗಳು ನಮ್ಮವು. ಮುಂದಿನ ಇಪ್ಪತ್ತು ವರ್ಷದಲ್ಲಿ ಹಿರಿಯರ ಡೈಪರ್, ಸೂಜಿ, ಔಷಧದ ಸ್ಟ್ರಿಪ್ಪು ಇವೇ ಹೆಚ್ಚಾಗಲಿವೆ. ಪ್ಲಾಸ್ಟಿಕ್ ಬಾಟಲಿಗೆ ಗುಜರಿಯವರಿದ್ದಾರೆ, ಇವಕ್ಕೆ ಯಾರೂ ಇಲ್ಲ. ಶಾಲೆಗಳಲ್ಲಿ ಇಟ್ಟಿರುವ ಸಣ್ಣ ಪ್ಯಾಡ್ ಸುಡುವ ಪೆಟ್ಟಿಗೆಗಳು ಬೇಕಾದಷ್ಟು ಬಿಸಿಯೇರುವುದಿಲ್ಲ. ಇವನ್ನು ವಿಷ ಉಳಿಯದಂತೆ ಸುಡಲು ಎಂಟುನೂರು ಡಿಗ್ರಿಗೂ ಮೇಲಿನ ಉಷ್ಣತೆ, ಹೊಗೆಯನ್ನು ಶುದ್ಧ ಮಾಡುವ ವ್ಯವಸ್ಥೆ ಬೇಕು. ಒಂದು ಪಂಚಾಯತ್‌ಗೆ ಅದು ಆಗದ ಮಾತು. ಆಸ್ಪತ್ರೆಗಳ ತ್ಯಾಜ್ಯ ಸುಡುವ ಕೇಂದ್ರಗಳ ಜೊತೆ ಜಿಲ್ಲಾ ಪಂಚಾಯತ್ ದೀರ್ಘಾವಧಿ ಒಪ್ಪಂದ ಮಾಡಿಕೊಂಡು, ವಾರಕ್ಕೊಮ್ಮೆ ಎಲ್ಲ ಪಂಚಾಯತ್‌ಗಳಿಂದ ಇದೊಂದನ್ನೇ ಪ್ರತ್ಯೇಕವಾಗಿ ಒಯ್ಯುವ ಏರ್ಪಾಟು ಆಗಲೇಬೇಕು. ಇದು ದುಬಾರಿ, ಇದರಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. ಆದರೂ ಮೊದಲು ಆಗಬೇಕಾದದ್ದು ಇದೇ. ಒಬ್ಬ ಹೆಣ್ಣುಮಗಳು ಬರಿಗೈಗೆ ಹತ್ತಿರವಾದ ಕೈಯಿಂದ ಇನ್ನೊಬ್ಬರ ಡೈಪರ್ ಎತ್ತಿಡುವುದನ್ನು ನಾವು ಯೋಜನೆ ಎಂದು ಕರೆಯುತ್ತಿದ್ದೇವೆ. ಈ ಹೆಣ್ಣುಮಕ್ಕಳಿಗೆ ಧನುರ್ವಾಯುವಿನ ಚುಚ್ಚುಮದ್ದು, ಹೆಪಟೈಟಿಸ್ ಬಿ ಲಸಿಕೆ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ವಿಮೆ ಇವು ಗಾಡಿಯ ವಿಮೆಯಷ್ಟೇ ಕಡ್ಡಾಯವಾಗಬೇಕು.

ಮಾರಾಟವಾಗದ ಪ್ಲಾಸ್ಟಿಕ್‌ನ ಕತೆ ಹೀಗಿದೆ. ಬಿಸ್ಕತ್ತು, ಚಿಪ್ಸು, ಶಾಂಪೂ ಪೊಟ್ಟಣಗಳು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿ ಮಾಡಿದವು. ಪದರ ಬಿಡಿಸಲು ಆಗದ ಕಾರಣ ಮರುಬಳಕೆಗೆ ಬರುವುದಿಲ್ಲ. ಅವನ್ನು ಸಿಮೆಂಟ್ ಕುಲುಮೆಯಲ್ಲಿ ಕಲ್ಲಿದ್ದಲಿನ ಬದಲು ಉರಿಸಬಹುದು. ಆ ಕಾರ್ಖಾನೆಗಳಿರುವುದು ಕಲಬುರಗಿ, ಬಾಗಲಕೋಟೆ ಕಡೆ. ಇಲ್ಲಿಂದ ಘಟ್ಟ ಹತ್ತಿಸಿ ಅಲ್ಲಿಗೆ ಕಳಿಸುವ ಲಾರಿ ಬಾಡಿಗೆ ಯಾರು ಕೊಡಬೇಕು? ಕೊಡಬೇಕಾದವರು ಯಾರೆಂದು ಕಾನೂನು ಹೇಳಿಯಾಗಿದೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿಯ ಪ್ರಕಾರ ತಾವು ಮಾರುಕಟ್ಟೆಗೆ ಬಿಟ್ಟ ಪೊಟ್ಟಣದ ವಿಲೇವಾರಿಯ ಹೊಣೆ ಕಂಪನಿಗಳದ್ದೇ. ಅವರು ಅದಕ್ಕೆ ಸಂಸ್ಕರಣಾಗಾರರಿಂದ ಪ್ರಮಾಣಪತ್ರ ಕೊಳ್ಳುತ್ತಾರೆ. ಆ ವ್ಯವಹಾರ ದೊಡ್ಡವರ ನಡುವೆ ನಡೆದುಹೋಗುತ್ತದೆ. ಅಂಗಳದಿಂದ ಪೊಟ್ಟಣ ಹೆಕ್ಕಿ ತಂದ ನಮ್ಮ ಘಟಕದ ಜಮಾ ಬದಿಯಲ್ಲಿ ಆ ಹಣ ಬಂದ ಒಂದು ಸಾಲನ್ನೂ ನಾನು ಬರೆದಿಲ್ಲ. ಸಾವಿರಾರು ಪಂಚಾಯತ್‌ಗಳು ಒಂದೊಂದಾಗಿ ಕಂಪನಿಗಳ ಜೊತೆ ಮಾತಾಡಲು ಆಗದು. ರಾಜ್ಯ ಸರ್ಕಾರ ಎಲ್ಲರ ಪರವಾಗಿ ಕೂತು ಕಿಲೋಗೆ ಇಷ್ಟು ಎಂದು ಹತ್ತು ವರ್ಷದ ಒಪ್ಪಂದ ಮಾಡಿಸಿಕೊಡಬೇಕು.

ನಮ್ಮ ಜಿಲ್ಲೆಯಲ್ಲಿ ಒಳ್ಳೆಯದೂ ಆಗಿದೆ, ಅದನ್ನು ಹೇಳದೆ ಹೋಗುವುದು ಅನ್ಯಾಯ. ವೆಲ್ಲೂರಿನ ಶ್ರೀನಿವಾಸನ್ ಅವರ ಎಸ್‌ಎಲ್‌ಆರ್‌ಎಂ (ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ) ಪದ್ಧತಿ ಇಲ್ಲಿ ಬೇರುಬಿಟ್ಟಿತು. ಕಸವನ್ನು ಹತ್ತಾರು ಬಗೆಯಾಗಿ ಬಿಡಿಸಿದಷ್ಟೂ ಬೆಲೆ ಹೆಚ್ಚು ಎಂಬುದನ್ನು ಅವರು ಕೈಹಿಡಿದು ಕಲಿಸಿದರು. ವಂಡ್ಸೆಯಂಥ ಚಿಕ್ಕ ಪಂಚಾಯತ್ ಅದನ್ನು ಮಾಡಿ ತೋರಿಸಿದಾಗ ರಾಜ್ಯದ ಬೇರೆ ಕಡೆಯಿಂದ ಜನ ನೋಡಲು ಬಂದರು. ಆಮೇಲೆ ಕಾರ್ಕಳದ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ಬೇರ್ಪಡಿಸಿ ಬೇಲ್ ಕಟ್ಟುವ ಕೇಂದ್ರ ಬಂತು. ದಕ್ಷಿಣ ಕನ್ನಡದ ತೆಂಕ ಎಡಪದವಿನಲ್ಲೂ ಅಂಥದೇ ಕೇಂದ್ರವಿದೆ. ಹಲವು ಪಂಚಾಯತ್‌ಗಳ ಮಾಲು ಒಂದೆಡೆ ಸೇರಿದರೆ ಲಾರಿ ತುಂಬುತ್ತದೆ, ಲಾರಿ ತುಂಬಿದರೆ ದೊಡ್ಡ ಖರೀದಿದಾರರು ನೇರ ಮಾತಿಗೆ ಬರುತ್ತಾರೆ. ಸರಿಯಾದ ದಾರಿ ಇದೇ. ಆದರೆ ಈ ಕೇಂದ್ರಗಳು ಹಳ್ಳಿಯ ಘಟಕಗಳ ಬದಲಿಗೆ ಬಂದವೆಂದು ಭಾವಿಸಬಾರದು. ಹಳ್ಳಿಯಲ್ಲಿ ಬೇರ್ಪಡಿಸದ ಕಸ ಅಲ್ಲಿಗೆ ಹೋದರೆ ಅಲ್ಲಿನ ಯಂತ್ರವೂ ಸೋಲುತ್ತದೆ, ಕೆಲಸಗಾರರೂ ಸೋಲುತ್ತಾರೆ. ಕಸದಿಂದ ವಿದ್ಯುತ್ ಮಾಡಿಬಿಟ್ಟರೆ ಎಲ್ಲ ಮುಗಿಯಿತು ಎನ್ನುವವರಿಗೂ ಇದೇ ಉತ್ತರ. ನೀರು ಸೋರುವ ಹಸಿ ಕಸ ಉರಿಯುವುದಿಲ್ಲ.

ಯೋಜನೆಯಿಲ್ಲದ ಕಸ ಎಲ್ಲಿ ಹೋಗಿ ನಿಲ್ಲುತ್ತದೆಂದು ಕರಾವಳಿಯವರು ಕಣ್ಣಾರೆ ನೋಡಿದ್ದೇವೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರ ಪ್ರದೇಶದ ಮೇಲೆ ಹರಿಯಿತು. ಮನೆಗಳು, ಅಡಿಕೆ ತೆಂಗಿನ ತೋಟಗಳು, ಬಾವಿಗಳು ಅದರಡಿ ಸೇರಿದವು. ಅಡಿಕೆ ಮರ ಫಲಕ್ಕೆ ಬರಲು ಆರೇಳು ವರ್ಷ ಬೇಕು, ಒಂದು ತೋಟ ತೋಟವೆನಿಸಿಕೊಳ್ಳಲು ಒಂದು ತಲೆಮಾರು ಬೇಕು. ಕಸದ ನಡುವೆ ಅಡಿಕೆ ಮರದ ತುದಿಗಳಷ್ಟೇ ಕಾಣುತ್ತಿದ್ದ ಚಿತ್ರಗಳನ್ನು ಆಗ ಪತ್ರಿಕೆಗಳಲ್ಲಿ ನೋಡಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಜನ ಕಸ ಹಾಕಿದವರಲ್ಲ. ಕಸದಿಂದ ಬಸಿದ ಕಪ್ಪು ನೀರು ಫಲ್ಗುಣಿ ನದಿಯ ಕಡೆಗೆ ಹರಿಯಿತು, 2023ರ ಜನವರಿಯಲ್ಲಿ ಅದೇ ಯಾರ್ಡಿಗೆ ಬೆಂಕಿಯೂ ಬಿತ್ತು. ಬೆಂಗಳೂರಿನ ಕತೆಯೂ ಬೇರೆಯಲ್ಲ. 2012ರಲ್ಲಿ ಮಾವಳ್ಳಿಪುರದ ಕಸದ ಜಾಗ ಮುಚ್ಚಿತು, ಕಸ ಮಂಡೂರಿಗೆ ಹೋಯಿತು. ಮಂಡೂರಿನವರು ಬೀದಿಗಿಳಿದು 2014ರ ಕೊನೆಗೆ ಅದನ್ನು ನಿಲ್ಲಿಸಿದರು, ಕಸ ಕಲ್ಲುಕ್ವಾರಿಗಳಿಗೆ ಹೋಯಿತು. ಪ್ರತಿ ಸಲವೂ ಹುಡುಕಿದ್ದು ಮುಂದಿನ ಗುಂಡಿಯನ್ನು.

2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಓದಿದಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಕಸ ಹೂಳುವ ಜಾಗ ಕನಿಷ್ಠ 20ರಿಂದ 25 ವರ್ಷಕ್ಕೆ ಸಾಲುವಂತಿರಬೇಕು, ಅದು ತುಂಬಿ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ಅದರ ಮೇಲೆ ಕಣ್ಣಿಡಬೇಕು ಎಂದು ಅವುಗಳಲ್ಲಿತ್ತು. ಅಂದರೆ ಹೂಳುವ ಜಾಗದ ಬಗ್ಗೆ ನಲವತ್ತು ವರ್ಷ ಮುಂದಿನ ಯೋಚನೆ ಮಾಡಿದ್ದಾರೆ. ಹೂಳದಂತೆ ಉಳಿಸುವವರ ಜೊತೆಗಿನ ಒಪ್ಪಂದ ಮಾತ್ರ ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ. ಹೊಸ ಪಿಡಿಒ ಬಂದರೆ, ಹೊಸ ಅಧ್ಯಕ್ಷರು ಬಂದರೆ, ಘಟಕದ ಹೆಂಗಸರು ಮತ್ತೆ ಮೊದಲಿನಿಂದ ತಮ್ಮ ಕೆಲಸದ ಬಗ್ಗೆ ವಿವರಿಸಿ ಮುಂದುವರಿಸಿ ಎಂದು ಕೇಳಿಕೊಳ್ಳಬೇಕು. ಗ್ರಾಮ ಪಂಚಾಯತ್ ಸದಸ್ಯರ ಅವಧಿ ಐದು ವರ್ಷ. ಹಣಕಾಸು ಆಯೋಗದ್ದೂ ಐದು ವರ್ಷ, 15ನೆಯದು 2026ರ ಮಾರ್ಚ್‌ವರೆಗೆ. ಒಂದು ಶಾಂಪೂ ಪೊಟ್ಟಣ ಮಣ್ಣಿನಲ್ಲಿ ಇವರೆಲ್ಲರ ಮೊಮ್ಮಕ್ಕಳ ಕಾಲದವರೆಗೂ ಉಳಿಯುವ ವಸ್ತು.

ಹಾಗಾದರೆ ದೀರ್ಘಕಾಲದ ಯೋಜನೆಯಲ್ಲಿ ಏನಿರಬೇಕು? ಸಲಹೆಗಾರರು ಇಂಗ್ಲಿಷಿನಲ್ಲಿ ಬರೆದುಕೊಡುವ ದಪ್ಪ ವರದಿ ಬೇಡ. ಪಂಚಾಯತ್ ಕಚೇರಿಯ ಗೋಡೆಗೆ ಅಂಟಿಸಬಹುದಾದ ನಾಲ್ಕು ಪುಟ ಸಾಕು. ಹತ್ತು ವರ್ಷದಲ್ಲಿ ಊರಿನಲ್ಲಿ ಎಷ್ಟು ಮನೆ, ಎಷ್ಟು ಫ್ಲ್ಯಾಟು, ಎಷ್ಟು ಅಂಗಡಿ ಆಗಬಹುದು ಎಂಬ ಅಂದಾಜು ಅದರಲ್ಲಿರಲಿ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ ಗೊಬ್ಬರದ ಜಾಗ ಬಿಡಿಸಿಕೊಳ್ಳುವ ಷರತ್ತಿರಲಿ, ಉದ್ಯಾನಕ್ಕೆ ಬಿಡುವ ಹಾಗೆ. ಗಾಡಿ ಯಾವ ವರ್ಷ ಬದಲಾಗುತ್ತದೆ, ಅದಕ್ಕೆ ಯಾವ ಖಾತೆಯಲ್ಲಿ ಎಷ್ಟು ಜಮೆಯಾಗಿದೆ ಎಂಬುದು ವರ್ಷವರ್ಷವೂ ತಿದ್ದಿ ಬರೆಯುವಂತಿರಲಿ. ಮಾರಲಾಗದ, ಗೊಬ್ಬರವೂ ಆಗದ ಕಸ ನೂರರಲ್ಲಿ ಎಷ್ಟು, ಅದು ಯಾವ ಲಾರಿಯಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿರಲಿ. ಬಹಳ ಪಂಚಾಯತ್‌ಗಳು ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಘಟಕದ ಹಿಂಬದಿಗೆ ಹೋಗಿ ನೋಡಿದರೆ ಉತ್ತರ ಕಾಣುತ್ತದೆ. ಅಲ್ಲಿ ರಾಶಿ ಬೆಳೆಯುತ್ತಿದ್ದರೆ ಅದು ಇನ್ನೊಂದು ಪಚ್ಚನಾಡಿಯ ಮೊದಲ ಬುಟ್ಟಿ.

ಎಲ್ಲಕ್ಕಿಂತ ಹೆಚ್ಚಾಗಿ ಕೆಲಸ ಮಾಡುವವರ ಭವಿಷ್ಯ ಆ ನಾಲ್ಕು ಪುಟದಲ್ಲಿ ಇರಲಿ. ನಮ್ಮ ಘಟಕದಲ್ಲಿ ಬೆರಳಿನಿಂದ ಮುಟ್ಟಿಯೇ ಯಾವ ಪ್ಲಾಸ್ಟಿಕ್ ಯಾವ ಬಗೆಯದೆಂದು ಹೇಳಬಲ್ಲ ಮಹಿಳೆಯರಿದ್ದಾರೆ. ಕಿವುಚಿದಾಗ ಬರುವ ಸದ್ದಿನಿಂದ ತೊಟ್ಟೆಯ ಜಾತಿ ಗುರುತಿಸುತ್ತಾರೆ. ಇದನ್ನು ಯಾವ ಕಾಲೇಜೂ ಕಲಿಸಿಲ್ಲ. ಒಬ್ಬರು ಗೇರುಬೀಜದ ಕಾರ್ಖಾನೆಗೆ ಹೋಗುತ್ತೇನೆಂದು ಬಿಟ್ಟುಹೋದರೆ ಅವರ ಜೊತೆಗೆ ವರ್ಷಗಳ ಅನುಭವವೂ ಹೋಗುತ್ತದೆ, ಹೊಸಬರು ಕಲಿಯುವ ತನಕ ಮಾಲು ಬೆರಕೆಯಾಗಿ ದರ ಬೀಳುತ್ತದೆ. ಅದೂ ನನ್ನ ಲೆಕ್ಕದಲ್ಲಿ ಕಾಣುತ್ತದೆ. ಇವರನ್ನು ಸೇವಾ ಮನೋಭಾವದವರು ಎಂದು ಹೊಗಳಿ ಅಕ್ಟೋಬರ್ 2ರಂದು ಶಾಲು ಹೊದಿಸುವುದು ಇನ್ನು ಸಾಕು. ತಿಂಗಳ ಮೊದಲ ವಾರ ಖಾತೆಗೆ ಸಂಬಳ, ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದಂತೆ, ಭವಿಷ್ಯನಿಧಿ ಸಹಿತ. ಇದು ಕೃಪೆಯಲ್ಲ, ಸಲ್ಲಬೇಕಾದ ಕೂಲಿ. ಹೊಸ ಅನುದಾನದಲ್ಲಿ ಕಟ್ಟಡಕ್ಕೆ ಇಷ್ಟು, ಯಂತ್ರಕ್ಕೆ ಇಷ್ಟು ಎಂದು ಬರೆಯುವ ಹಾಗೆ ಸಂಬಳಕ್ಕೆ ಇಷ್ಟು ಎಂದೂ ಬರೆಯಲು ಸರ್ಕಾರ ಅವಕಾಶ ಕೊಡಲಿ, ಒಕ್ಕೂಟದ ಜೊತೆಗಿನ ಒಪ್ಪಂದ ಐದು ವರ್ಷಕ್ಕೆ ಆಗಲಿ.

ಪಂಚಾಯತ್ ಚುನಾವಣೆಗೆ ನಿಮ್ಮ ಮನೆಗೆ ಮತ ಕೇಳಲು ಬರುವವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ಮಾರಲಾಗದ ಕಸ ಎಲ್ಲಿಗೆ ಹೋಗುತ್ತದೆ, ಹೆಂಗಸರ ಸಂಬಳ ಎಷ್ಟು ತಿಂಗಳಿಂದ ಬಾಕಿಯಿದೆ? ಉತ್ತರ ಗೊತ್ತಿಲ್ಲದವರಿಗೆ ತಿಳಿದುಕೊಂಡು ಬರಲು ಹೇಳಿ. ಅಷ್ಟರವರೆಗೆ ನಿಮ್ಮಿಂದ ಆಗುವ ಕೆಲಸವೂ ಇದೆ. ಹಾಲಿನ ತೊಟ್ಟೆಯನ್ನು ಒಂದು ಲೋಟ ನೀರಿನಲ್ಲಿ ಗಲಬರಿಸಿ ಒಣಗಿಸಿ ಕೊಡಿ. ಡೈಪರ್, ಪ್ಯಾಡ್‌ಗಳನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆ ಚೀಲದಲ್ಲಿ ಕೊಡಿ. ಸೂಜಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಗಾಡಿ ಓಡಿಸುವ ಅಕ್ಕನ ಕೈಗೇ ಕೊಟ್ಟು ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ. ತಿಂಗಳ 50 ರೂಪಾಯಿಯನ್ನು ಅವರು ಕೇಳುವ ಮೊದಲೇ ಕೊಡಿ.